ಈ ಸಲದ ಓದು: ಎಪ್ಪತ್ತರ ದಶಕದ ವಿಜ್ಞಾನ ಕಾದಂಬರಿಗಳು

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 4ಕ್ಕೆ ಶಿರಸಿಯ ದೇವಿಕೆರೆ ಹತ್ತಿರ, ಎಂದಿನ ಮನೆಯಲ್ಲೇ ಸೇರೋಣ. ಕಷಾಯ ಇರುತ್ತದೆ.

ಹ್ಯೂಗೋ, ನೆಬ್ಯುಲಾ ಎರಡೂ ಪ್ರಶಸ್ತಿ ಗೆದ್ದ ಪುಸ್ತಕಗಳನ್ನಷ್ಟೇ ಆರಿಸಿದ್ದೇವೆ. ಹ್ಯೂಗೋಗೆ ವರ್ಲ್ಡ್‌ಕಾನ್ ಸಮ್ಮೇಳನದ ಸದಸ್ಯರು, ಅಂದ್ರೆ ಹೆಚ್ಚಾಗಿ ಓದುಗರು, ಮತ ಹಾಕುತ್ತಾರೆ. ನೆಬ್ಯುಲಾಗೆ ಲೇಖಕರೇ. ಇಬ್ಬರೂ ಒಪ್ಪಿದ್ದಾರೆ ಅಂದಮೇಲೆ ಓದಲು ಅಡ್ಡಿಯಿಲ್ಲ, ಅಲ್ವಾ?

ಮೊದಲನೆಯದು ಆರ್ಥರ್ ಸಿ. ಕ್ಲಾರ್ಕ್ ಅವರ ‘ರಾಂಡೆವೂ ವಿತ್ ರಾಮ’ (1973). ಸುಮಾರು 50 ಕಿ.ಮೀ. ಉದ್ದದ ಟೊಳ್ಳು ಸಿಲಿಂಡರೊಂದು ಎಲ್ಲಿಂದಲೋ ನಮ್ಮ ಸೌರಮಂಡಲದೊಳಗೆ ಬರುತ್ತದೆ. ಅದು ತನ್ನ ಸುತ್ತ ತಾನೇ ತಿರುಗುವುದರಿಂದ ಒಳಗೋಡೆಯೇ ನೆಲ. ನಡುವೆ ಬಳೆಯಂತೆ ಸುತ್ತಿಕೊಂಡ ಸಮುದ್ರ, ತಲೆ ಎತ್ತಿದರೆ ಅಲ್ಲೂ ಅದೇ ಸಮುದ್ರ! ಕಟ್ಟಿದವರು ಮಾತ್ರ ಕೊನೆವರೆಗೂ ಕಾಣಿಸುವುದಿಲ್ಲ. ಪಾತ್ರಗಳು ಸ್ವಲ್ಪ ಸಪ್ಪೆ, ನಿಜ. ಆದರೂ ಕಾರವಾರದವರಿಗೆ ಆ ಸಮುದ್ರದ ಭಾಗ ಖಂಡಿತ ಹಿಡಿಸುತ್ತದೆ.

ಎರಡನೆಯದು ಉರ್ಸುಲಾ ಲೆ ಗ್ವಿನ್ ಅವರ ‘ದಿ ಡಿಸ್‌ಪೊಸೆಸ್ಡ್’ (1974). ಸ್ವಂತ ಆಸ್ತಿಯೂ ಸರ್ಕಾರವೂ ಇಲ್ಲದ ಬರಡು ಲೋಕದಿಂದ ಶೆವೆಕ್ ಎಂಬ ಭೌತವಿಜ್ಞಾನಿ ಪಕ್ಕದ ಸಿರಿವಂತ ಲೋಕಕ್ಕೆ ಹೋಗುತ್ತಾನೆ. ಕತೆ ಒಂದು ಅಧ್ಯಾಯ ಇಲ್ಲಿ, ಒಂದು ಅಲ್ಲಿ ಅಂತ ಓಡುತ್ತದೆ. ಶುರುವಿನಲ್ಲಿ ತಾಳ್ಮೆ ಬೇಕು. ನನ್ನ ಮತವಂತೂ ಇದಕ್ಕೇ.

ಪುರುಸೊತ್ತಿದ್ದವರು ಜೋ ಹಾಲ್ಡ್‌ಮನ್ ಅವರ ‘ದಿ ಫಾರೆವರ್ ವಾರ್’ ಕೂಡ ನೋಡಿ. ವಿಯೆಟ್ನಾಂನಲ್ಲಿ ಕಾದಾಡಿ ಬಂದವರು ಬರೆದದ್ದು.

ಘಟ್ಟದ ಕೆಳಗಿನವರು ದೇವಿಮನೆ ಘಟ್ಟ ಹತ್ತಿ ಬರುವುದಾದರೆ ಶನಿವಾರವೇ ತಿಳಿಸಿ, ಒಂದೇ ಕಾರಿನಲ್ಲಿ ಬರಬಹುದು. ಮತ್ತೆ, ಕದ್ದ ಪಿಡಿಎಫ್ ಇಲ್ಲಿ ಹಾಕಬೇಡಿ.