‘ಹೆಸರಿರಲ್ಲ’ ಅಂದೆಯಲ್ಲ, ಅದಕ್ಕೆ

ಚನ್ನಪಟ್ಟಣ
ಭಾನುವಾರ ಸಂಜೆ

ಪ್ರೀತಿಯ ಪುಟ್ಟಿಗೆ,

ಅತ್ತೆಯ ಆಶೀರ್ವಾದಗಳು. ನಿನ್ನ ಕಾಗದ ಮೂರು ಸಲ ಓದಿದೆ. ಹಾಸ್ಟೆಲಿನ ಸಾಂಬಾರು, ಫೀಸು, ರೂಮು ಬದಲಾಯಿಸಿದ್ದು, ಎಲ್ಲ ನಿಮ್ಮಪ್ಪ ಫೋನಿನಲ್ಲಿ ಹೇಳಿದ್ದಾನೆ. ಅದನ್ನು ಬಿಡು. ಕೊನೆಯ ಪುಟದಲ್ಲಿ ಸಹಿಯ ಕೆಳಗೆ ಸಣ್ಣಕ್ಷರದಲ್ಲಿ ಗೀಚಿದ್ದೀಯಲ್ಲ, ಅದು ನಿನ್ನೆ ರಾತ್ರಿ ನನ್ನ ನಿದ್ದೆ ಕೆಡಿಸಿತು. ಮದುವೆ ಮನೆಯಲ್ಲಿ ಯಾರೋ ‘ಏನು ಓದ್ತಿದ್ದೀಯಮ್ಮ’ ಅಂದರಂತೆ. ಹಲವು ವಿಷಯ ಕೂಡಿಸಿ ಓದೋ ನಾಲ್ಕು ವರ್ಷದ ಡಿಗ್ರಿ ಅಂತ ವಿವರಿಸೋಕೆ ಬೇಜಾರಾಗಿ ನೀನು ‘ಬಿ.ಕಾಂ.’ ಅಂದುಬಿಟ್ಟೆಯಂತೆ. ಆಮೇಲೆ ಈ ಸಾಲು: ‘ನಾಲ್ಕು ವರ್ಷ ಓದಿದ ಮೇಲೂ ನನಗೊಂದು ಹೆಸರಿರಲ್ಲ ಅಲ್ವಾ ಅತ್ತೆ?’

ಸುಳ್ಳು ಹೇಳಿದ್ದಕ್ಕೆ ನನಗೇನೂ ಬೇಸರವಿಲ್ಲ. ಊಟದ ಪಂಕ್ತಿಗೆ ಓಡೋ ಹೊತ್ತಿನಲ್ಲಿ ಯಾರಿಗೆ ಬೇಕಿತ್ತು ಪೂರ್ತಿ ಉತ್ತರ! ಆದರೆ ಆ ‘ಹೆಸರಿರಲ್ಲ’ ಅನ್ನೋದು ನನಗೆ ನಾಟಿತು. ಯಾಕೆಂದರೆ ನನಗೆ ಹೆಸರಿತ್ತು.

1974ರಲ್ಲಿ ನಾನು ಡಿಗ್ರಿಗೆ ಸೇರಲು ಹೋದೆ. ಅಂಗಡಿಯ ಉದ್ರಿ ಪುಸ್ತಕ ಬರೀತಿದ್ದವಳು ನಾನೇ. ಯಾರು ಎಷ್ಟು ಬಾಕಿ, ಯಾವ ಹಬ್ಬಕ್ಕೆ ತೀರಿಸುತ್ತಾರೆ, ಯಾಕೆ ತೀರಿಸಲ್ಲ, ಅದೆಲ್ಲ ನನಗೆ ಕಥೆಯ ಹಾಗೆ ಕಾಣುತ್ತಿತ್ತು. ಇನ್ನೊಂದು ಕಡೆ ಹುಳ ಹುಪ್ಪಟೆ ಅಂದರೆ ಪ್ರಾಣ. ಕಾಲೇಜಿನ ಕಿಟಕಿಯ ಮುಂದೆ ನಿಂತು, ಪ್ರಾಣಿಶಾಸ್ತ್ರ ಬೇಕು, ಅರ್ಥಶಾಸ್ತ್ರವೂ ಬೇಕು ಅಂದೆ. ಒಳಗಿದ್ದ ಗುಮಾಸ್ತರು ಕನ್ನಡಕ ಮೇಲೆತ್ತಿ ನೋಡಿದರು. ‘ಕಪ್ಪೆ ಬೇಕೋ ಬಜೆಟ್ ಬೇಕೋ, ಬೇಗ ಹೇಳಮ್ಮ, ಹಿಂದೆ ಜನ ಇದ್ದಾರೆ.’ ಹಿಂದೆ ನಿಂತಿದ್ದ ಹುಡುಗರು ನಕ್ಕರು. ನಾನೂ ನಕ್ಕೆ. ಕಪ್ಪೆ ಅಂದೆ. ಸಿಬಿಝೆಡ್, ಅಂದರೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಅಂತ ಬರೆದುಕೊಂಡರು. ಅಲ್ಲಿಗೆ ಮುಗಿಯಿತು.

ಒಂದು ಮಾತನ್ನೂ ವಾದಿಸಲಿಲ್ಲ ನೋಡು. ವಾದಿಸಿದ್ದರೂ ಸಿಗುತ್ತಿರಲಿಲ್ಲ, ಆಗ ಹಾಗೇ ಇತ್ತು. ಆದರೂ ನಕ್ಕೆನಲ್ಲ ಅಂತ ಈಗಲೂ ಅನ್ನಿಸುತ್ತೆ.

1979ರಲ್ಲಿ ರೇಷ್ಮೆ ಇಲಾಖೆ ಸೇರಿದೆ. ಮರುವರ್ಷವೇ ಊಜಿ ನೊಣ ಬಂತು. ಬಂಗಾಳದ ಕಡೆ ಮೊದಲಿಂದ ಇತ್ತು, ನಮ್ಮಲ್ಲಿಗೆ ಬಂದದ್ದು 1980ರಲ್ಲಿ. ರೈತರಿಗೆ ಅದು ಏನು ಅಂತಲೇ ಗೊತ್ತಿರಲಿಲ್ಲ. ನೊಣ ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತೆ. ಮರಿ ಚರ್ಮ ಕೊರೆದು ಒಳಗೆ ಹೋಗುತ್ತೆ. ಹೋದ ಜಾಗದಲ್ಲಿ ಒಂದು ಕಪ್ಪು ಚುಕ್ಕೆ, ಸಾಸಿವೆಗಿಂತ ಚಿಕ್ಕದು. ನಾನು ತಟ್ಟೆ ಬೆಳಕಿಗೆ ಹಿಡಿದು ಆ ಚುಕ್ಕೆ ತೋರಿಸುತ್ತಿದ್ದೆ. ಕಿಟಕಿಗೆ ಬಲೆ ಹೊಡೆಸುತ್ತಿದ್ದೆ. ನೊಣದ ಮರಿ ಹೊರಬಂದು ಗೂಡು ತೂತಾದರೆ ನೂಲು ಬಿಚ್ಚಲು ಬರಲ್ಲ, ಬೆಳೆ ಹೋದ ಹಾಗೇ. ಎರಡು ವರ್ಷದಲ್ಲಿ ಕನಕಪುರದ ಕಡೆ ಹತ್ತಾರು ಹಳ್ಳಿಯಲ್ಲಿ ನಾನು ‘ಹುಳದ ಮೇಡಂ’ ಆದೆ. ಬಸ್ಸಿಳಿದರೆ ಮಕ್ಕಳು ಕೂಗುತ್ತಿದ್ದರು. ಅದು ಹೆಸರು ಪುಟ್ಟಿ. ಎಷ್ಟು ಚೆನ್ನಾಗಿತ್ತು ಅಂತೀಯ!

ಆ ಹೆಸರಿನ ಧೈರ್ಯದಲ್ಲೇ ಒಂದು ತಪ್ಪು ಮಾಡಿದೆ. ನಿಮ್ಮಪ್ಪನಿಗೂ ಇದು ಗೊತ್ತಿಲ್ಲ.

ಒಬ್ಬ ತಾಯಿ ನೂರು ಮೊಟ್ಟೆ ಮೇಯಿಸುತ್ತಿದ್ದರು. ರೇಷ್ಮೆಯವರ ಲೆಕ್ಕದಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಇಡೀ ಗುಂಪು. ಕೈ ಬಹಳ ಶುದ್ಧ. ಅವರ ಮನೆಯಲ್ಲಿ ಹುಳು ಜ್ವರಕ್ಕೆ, ಅಂದರೆ ಪೊರೆ ಬಿಡೋಕೆ, ಕೂತರೆ ಒಂದೇ ಸಲ ಕೂರುತ್ತಿತ್ತು, ಎದ್ದರೆ ಒಂದೇ ಸಲ ಏಳುತ್ತಿತ್ತು. ‘ಇನ್ನೂರು ಮೊಟ್ಟೆ ಹಾಕಮ್ಮ, ಹುಳು ನಾನು ನೋಡ್ಕೋತೀನಿ’ ಅಂದೆ. ಸಾಲ ಮಾಡಿ ತಟ್ಟೆ, ಹುಳು ಗೂಡು ಕಟ್ಟೋ ಚಂದ್ರಿಕೆ ತಂದರು. ನೂರು ಮೊಟ್ಟೆಗೆ ಹೆಚ್ಚುಕಡಿಮೆ ಒಂದು ಟನ್ ಹಿಪ್ಪುನೇರಳೆ ಸೊಪ್ಪು ಬೇಕು. ಅದರಲ್ಲಿ ನೂರಕ್ಕೆ ಎಂಬತ್ತು ಪಾಲು ನಾಲ್ಕನೇ ಜ್ವರ ಎದ್ದ ಮೇಲೆ ಒಂದೇ ವಾರದಲ್ಲಿ ಖರ್ಚು. ಸ್ವಂತ ತೋಟದ ಸೊಪ್ಪು ಮುಗಿಯಿತು. ಕೊಂಡು ತಂದರು. ಹುಳು ಮಾತ್ರ ಚಿನ್ನದಂಥದು, ಒಂದೂ ಕೆಡಲಿಲ್ಲ. ಗೂಡು ರಾಮನಗರದ ಮಾರುಕಟ್ಟೆಗೆ ಹೋಗುವ ಹೊತ್ತಿಗೆ ರೇಟು ಬಿದ್ದಿತ್ತು. ಸಾಲಕ್ಕೆ ಅವರ ಓಲೆ ಹೋಯಿತು.

ಬಡ್ಡಿ ಎಷ್ಟು, ಸೊಪ್ಪು ಕೊಂಡರೆ ಎಷ್ಟು ಉಳಿಯುತ್ತೆ, ರೇಟು ಇಷ್ಟು ಬಿದ್ದರೂ ತಡೆಯುತ್ತಾ, ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ನೋಡಬಹುದಿತ್ತು. ಉದ್ರಿ ಪುಸ್ತಕ ಬರೆದವಳಿಗೆ ಅದೇನು ಕಷ್ಟವಿರಲಿಲ್ಲ. ಆದರೆ ನಾನು ಹುಳದ ಮೇಡಂ. ರೇಟು ನನ್ನ ವಿಷಯ ಅಲ್ಲ ಅಂದುಕೊಂಡಿದ್ದೆ.

ಅರ್ಥಶಾಸ್ತ್ರ ಓದಿದ್ದರೆ ಹೀಗಾಗುತ್ತಿರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಅರ್ಥಶಾಸ್ತ್ರ ಓದಿದವರೂ ಸಾಲದಲ್ಲಿ ಮುಳುಗಿದ್ದನ್ನು ನೋಡಿದ್ದೀನಿ. ಹೆಸರು ಸಿಕ್ಕಿದ ಮೇಲೆ ನಾನು ಅದರಾಚೆ ನೋಡೋದನ್ನೇ ಬಿಟ್ಟೆ, ಅಷ್ಟೇ.

ಹಾಗಂತ ನಿನ್ನ ಭಯ ಹುಚ್ಚುಭಯ ಅಂತ ತಳ್ಳಿಹಾಕಲಾರೆ. ಈ ನಾಲ್ಕು ವರ್ಷದ ಡಿಗ್ರಿಯ ಕಥೆ ನನಗೂ ಗಾಬರಿ ಹುಟ್ಟಿಸುತ್ತೆ. ದೆಹಲಿ ವಿಶ್ವವಿದ್ಯಾಲಯದಲ್ಲಿ 2013ರಲ್ಲಿ ತಂದರು, 2014ರಲ್ಲಿ ವಾಪಸ್ ತೆಗೆದರು. ನಮ್ಮ ರಾಜ್ಯದಲ್ಲಿ ಹೊಸ ಶಿಕ್ಷಣ ನೀತಿ ಅಂತ 2021ರಲ್ಲಿ ಶುರುವಾಯಿತು, 2024ರಿಂದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಮತ್ತೆ ಮೂರು ವರ್ಷ. ನಮ್ಮ ಬೀದಿಯ ಮೂಲೆಮನೆಯಲ್ಲಿ ಅಣ್ಣನದು ಒಂದು ನಿಯಮದ ಡಿಗ್ರಿ, ತಮ್ಮನದು ಇನ್ನೊಂದು ನಿಯಮದ್ದು. ಅವರಮ್ಮನಿಗೆ ಯಾವುದು ಯಾರದು ಅಂತ ಇನ್ನೂ ಗೊಂದಲ. ನೀನು ಬೇರೆ ಥರದ ವಿಶ್ವವಿದ್ಯಾಲಯದಲ್ಲಿದ್ದೀಯ, ಸರಿ. ಆದರೂ ಮುಖ್ಯ ವಿಷಯಕ್ಕೆ ಮೇಜರ್, ಜೊತೆಯ ವಿಷಯಕ್ಕೆ ಮೈನರ್ ಅನ್ನೋದೆಲ್ಲ ಹೊರಗಿನವರಿಗೆ ಸೈನ್ಯದ ಪದವಿಯ ಹಾಗೆ ಕೇಳಿಸುತ್ತೆ.

ಮೂಲೆಮನೆ ಅಣ್ಣನ ಹತ್ತಿರ ಕೂತು, ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳೋ ಯುಜಿಸಿಯ ನಿಯಮ ಓದಿಸಿಕೊಂಡೆ. ಓದಿನ ಲೆಕ್ಕ ವರ್ಷಕ್ಕೆ 40 ಕ್ರೆಡಿಟ್. ಮೂರು ವರ್ಷಕ್ಕೆ 120, ನಾಲ್ಕಕ್ಕೆ 160. ಮಧ್ಯೆ ಬಿಟ್ಟು ಹೋದರೂ ಮೂರು ವರ್ಷದೊಳಗೆ ವಾಪಸ್ ಸೇರಬಹುದು, ಒಟ್ಟು ಏಳು ವರ್ಷದಲ್ಲಿ ಮುಗಿಸಬೇಕು. ಎರಡನೇ ಸೆಮಿಸ್ಟರ್ ಮುಗಿಯೋ ಹೊತ್ತಿಗೆ ಬೇಕಿದ್ದರೆ ಮೇಜರ್ ಬದಲಾಯಿಸಬಹುದು. ನಿಮ್ಮಲ್ಲೂ ಹೀಗೇನಾ? ನಿನ್ನನ್ನು ಕಾಡುತ್ತಿರೋದು ಮೇಜರ್ ಬರೆಯೋ ಅರ್ಜಿಯ ಖಾಲಿ ಜಾಗ ಇರಬೇಕು ಅಂತ ನನ್ನ ಅನುಮಾನ.

ನೀನು ಓದುತ್ತಿರೋದನ್ನು ಮತ್ತೆ ಎಣಿಸಿದೆ. ಪರಿಸರ, ಅರ್ಥಶಾಸ್ತ್ರ, ಡೇಟಾ ಅಂತ ಏನೋ, ಈ ಸಲ ಜಾನಪದ. ನಿಜ ಹೇಳಲಾ? ಮೊದಲು ನನಗೆ ಹೊಟ್ಟೆಕಿಚ್ಚಾಯಿತು. ಆಮೇಲೆ ಭಯವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐಐಎಸ್ಸಿಯಲ್ಲೂ 2011ರಿಂದ ನಾಲ್ಕು ವರ್ಷದ ಡಿಗ್ರಿ ಇದೆ, ವಿಜ್ಞಾನ ಓದೋ ಮಕ್ಕಳಿಗೆ ಹ್ಯುಮ್ಯಾನಿಟೀಸ್ ಪಾಠವೂ ಇದೆ ಅಂತ ಸಮಾಧಾನ ಮಾಡಿಕೊಂಡೆ. ಆದರೆ ಅವರಿಗೆ ಆ ಸಂಸ್ಥೆಯ ಹೆಸರೇ ಸಾಕು, ಮದುವೆ ಮನೆಯಲ್ಲಿ ಮುಂದಿನ ಪ್ರಶ್ನೆ ಬರಲ್ಲ. ನೋಡು, ಮತ್ತೆ ಹೆಸರಿಗೇ ಬಂದೆ.

ಉಪದೇಶ ಮಾಡುವಷ್ಟು ನನಗೆ ನಿಮ್ಮ ಕಾಲ ಗೊತ್ತಿಲ್ಲ. ಆದರೂ ಒಂದೆರಡು ಹೇಳಿಬಿಡ್ತೀನಿ, ಬೇಡ ಅನ್ನಿಸಿದರೆ ಬಿಡು. ಸರ್ಟಿಫಿಕೇಟಿನಲ್ಲಿ ಬಿ.ಎ. ಅಂತ ಬರುತ್ತಾ, ಬಿ.ಎಸ್ಸಿ. ಅಂತ ಬರುತ್ತಾ, ಈಗಲೇ ಕೇಳಿ ತಿಳಿದುಕೊ. ಐಎಎಸ್, ಕೆಎಎಸ್ ಥರದ ಪರೀಕ್ಷೆಗೆ ಮಾನ್ಯತೆ ಇರೋ ಯಾವ ಡಿಗ್ರಿಯಾದರೂ ನಡೆಯುತ್ತೆ. ಆದರೆ ಎಂ.ಎಸ್ಸಿ. ಸೀಟು, ಮೇಷ್ಟ್ರ ಕೆಲಸ, ಅಲ್ಲೆಲ್ಲ ಡಿಗ್ರಿಯಲ್ಲಿ ಯಾವ ವಿಷಯ ಎಷ್ಟು ಓದಿದ್ದೀಯ ಅಂತ ನೋಡುತ್ತಾರೆ. ಓದಿದ ಒಂದೊಂದು ಕೋರ್ಸಿನ ಸಿಲಬಸ್ ಹಾಳೆಯನ್ನೂ ಎತ್ತಿಡು. ಮುಂದೆ ಯಾರಾದರೂ ‘ಇದರಲ್ಲಿ ಏನಿತ್ತು’ ಅಂದರೆ ಮುಂದಿಡಬಹುದು. ಒಂದು ವಿಷಯವನ್ನಾದರೂ ಬೇಸರ ಬರೋವರೆಗೂ ಓದು. ಬೇಸರ ಬಂದ ಮೇಲೂ ಸ್ವಲ್ಪ. ಯಾವುದು ಅಂತ ನನ್ನನ್ನು ಕೇಳಬೇಡ, ನಾನು ಕಪ್ಪೆ ಅಂದವಳು.

ಇನ್ನೊಂದು ಮರೆತಿದ್ದೆ. ಹೆಸರಿಲ್ಲ ಅನ್ನೋ ಕಾರಣಕ್ಕೆ ಮಾತ್ರ ಬಿಟ್ಟು ಬಿ.ಕಾಂ.ಗೆ ಹೋಗಬೇಡ. ಲೆಕ್ಕಪತ್ರ ನಿಜವಾಗಿ ಇಷ್ಟ ಇದ್ದರೆ ಹೋಗು, ನಿಮ್ಮಪ್ಪನ ಹತ್ತಿರ ನಾನು ಮಾತಾಡ್ತೀನಿ.

ಆ ತಾಯಿಯನ್ನು ಬಹಳ ವರ್ಷಗಳ ಮೇಲೆ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ನೋಡಿದೆ. ನನ್ನ ಕಣ್ಣು ಮೊದಲು ಹೋಗಿದ್ದು ಅವರ ಕಿವಿಗೆ. ಓಲೆ ಇರಲಿಲ್ಲ, ಬೇವಿನ ಕಡ್ಡಿ ಸಿಕ್ಕಿಸಿದ್ದರು. ಅವರೇ ಮಾತಾಡಿಸಿದರು. ಟೀ ಕುಡಿಸಿದರು, ದುಡ್ಡು ಕೊಡಲು ಬಿಡಲಿಲ್ಲ. ಅದೂ ಇದೂ ಮಾತಾಡುತ್ತಾ, ‘ಮೇಡಂ, ತಾವು ಏನು ಓದಿದ್ದು?’ ಅಂದರು. ಅಷ್ಟು ವರ್ಷದಲ್ಲಿ ಕೇಳೇ ಇರಲಿಲ್ಲ. ಬಿ.ಎಸ್ಸಿ. ಅಂದೆ. ಸ್ವಲ್ಪ ಹೊತ್ತು ಗ್ಲಾಸು ತಿರುಗಿಸುತ್ತಾ ಕೂತಿದ್ದು, ‘ಅದರಾಗೆ ರೇಟಿನ ಪಾಠ ಇರಲಿಲ್ವಾ?’ ಅಂತ ಕೇಳಿದರು. ಚುಚ್ಚಿ ಕೇಳಿದ್ದಲ್ಲ ಪುಟ್ಟಿ. ಇರಲಿಲ್ವೇನೋ ಪಾಪ ಅನ್ನೋ ಥರ.

ನಾನು ಇರಲಿಲ್ಲ ಅಂದೆ. ತಪ್ಪಾಯಿತು ಅಂತ ಹೇಳಬೇಕಿತ್ತು. ಹೇಳಲಿಲ್ಲ. ಬಸ್ಸು ಬಂತು ಅಂತ ಎದ್ದೆ.

ಕತ್ತಲಾಯಿತು, ಅಕ್ಷರ ಕಾಣುತ್ತಿಲ್ಲ. ಮೇಜರ್ ಬರೆದುಕೊಡೋಕೆ ಕೊನೆಯ ದಿನ ಯಾವತ್ತು ಅಂತ ತಿಳಿಸು. ಅವತ್ತು ಫೋನ್ ಮಾಡ್ತೀನಿ. ಏನು ಬರೆದೆ ಅಂತ ಕೇಳಲ್ಲ. ಜಾನಪದದ ಕ್ಲಾಸಿನಲ್ಲಿ ಏನಾಯಿತು ಅಂತ ಹೇಳು, ಅದನ್ನು ಕೇಳೋಕೆ ನನಗೆ ಆಸೆ.

ನಿನ್ನ
ಅತ್ತೆ