ನಿಲ್ಲಿಸಿದ್ದಕ್ಕೆ ಬೈಸಿಕೊಂಡ ಮಗಳಿಗೆ

ಚಿ. ಸುಮಾಳಿಗೆ ಅಪ್ಪನ ಆಶೀರ್ವಾದಗಳು.

ರಾತ್ರಿ ನೀನು ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಕೆಲಸಗಳನ್ನು ಒಂದರ ಹಿಂದೊಂದು ತಾನಾಗಿ ಓಡಿಸುವ ಆ ಎನ್‌ಎಯ್ಟ್‌ಎನ್ (n8n) ತಂತ್ರಾಂಶದಲ್ಲಿ ನೀನು ಕಟ್ಟಿದ, ಪೂರೈಕೆದಾರರಿಗೆ ಹಣ ಕಳಿಸುವ ವರ್ಕ್‌ಫ್ಲೋ ಅರ್ಧದಲ್ಲಿ ನಿಂತಿತೆಂದು ಎಲ್ಲರೆದುರು ಮೇಲಧಿಕಾರಿಯಿಂದ ಬೈಸಿಕೊಂಡೆ, ಸರಿ. ಆದರೆ ತಪಾಸಣೆಯನ್ನೇ ಕಿತ್ತುಹಾಕಲು ಒಪ್ಪಿಕೊಂಡೆಯಲ್ಲ, ಅದು ಚುಚ್ಚುತ್ತಿದೆ. ಖಾತೆ ಸಂಖ್ಯೆ ಖಾಲಿಯಿದ್ದರೆ ಎರರ್ ಎತ್ತಿ ನಿಲ್ಲಬೇಕೆಂದು ‘ಸ್ಟಾಪ್ ಅಂಡ್ ಎರರ್’ ಎಂಬ ನೋಡ್ (ವರ್ಕ್‌ಫ್ಲೋದ ಒಂದು ಹಂತ) ಇಟ್ಟವಳು ನೀನೇ. ಅದು ನಿಂತಿತು. ಎಷ್ಟನೆಯ ಸಾಲು, ಏನು ಕೊರತೆ ಎಂದು ಸಂದೇಶದಲ್ಲೇ ಬರೆದಿದ್ದೆ. ಓದಿ ಹೇಳಿದಾಗ ಹೆಮ್ಮೆಯಾಯಿತು, ಹೇಳಲಿಲ್ಲ ಅಷ್ಟೇ.

ಐದನೆಯ ತರಗತಿಯಲ್ಲಿ ನೀನು ಜ್ವರ ಮುಚ್ಚಿಟ್ಟು ಪರೀಕ್ಷೆಗೆ ಹೋದದ್ದು... ಬಿಡು, ಇಬ್ಬರಿಗೂ ಗೊತ್ತು.

ನನ್ನನ್ನು ಕಾಡುವುದು ನೈಟ್ ಕ್ಯಾಪಿಟಲ್ ಕಥೆ. 2012ರ ಆಗಸ್ಟ್ 1. ಅಮೆರಿಕದ ಆ ಷೇರು ವಹಿವಾಟು ಸಂಸ್ಥೆಯ ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ಕೋಡ್ ಹಾಕುವುದು ತಪ್ಪಿಹೋಗಿ, ಹಳೆಯದು ಎದ್ದು ಕುಳಿತು ಆರ್ಡರ್‌ಗಳನ್ನು ಸುರಿಯತೊಡಗಿತು. 45 ನಿಮಿಷದಲ್ಲಿ 44 ಕೋಟಿ ಡಾಲರಿಗೂ ಮಿಕ್ಕ ನಷ್ಟ. ನಷ್ಟವಲ್ಲ ನನ್ನ ತಲೆ ತಿನ್ನುವುದು. ಪೇಟೆ ತೆರೆಯುವ ಮೊದಲೇ ಆ ವ್ಯವಸ್ಥೆ ಸಿಬ್ಬಂದಿಗೆ 97 ಇಮೇಲ್ ಕಳಿಸಿತ್ತು. ತೊಂಬತ್ತೇಳು! ಎಚ್ಚರಿಕೆಯೆಂದು ಅವನ್ನು ನೋಡುವ ರೂಢಿ ಅಲ್ಲಿರಲಿಲ್ಲ. ಒಂದನ್ನಾದರೂ ಯಾರಾದರೂ ತೆರೆದು ನೋಡಿದ್ದರೆ? ಎರರ್ ಹೇಳಿತು, ಕೆಲಸ ನಿಲ್ಲಲಿಲ್ಲ. ಬ್ಯಾಂಕಿನಲ್ಲಿ ರಾತ್ರಿಪಾಳಿ ಮಾಡಿದವನಿಗೆ ಇದಕ್ಕಿಂತ ಭಯಂಕರ ಕಥೆ ಬೇರಿಲ್ಲ. ನಿನ್ನ ಕಚೇರಿಯಲ್ಲಿ ಇಂಥ ಇಮೇಲ್‌ಗಳು ಯಾರ ಪೆಟ್ಟಿಗೆಗೆ ಹೋಗುತ್ತವೆ? ಕೇಳಿದ್ದೀಯಾ?

ಎಲ್ಲ ನೋಡ್‌ಗಳಿಗೂ ಎರರ್ ಬಂದರೂ ಮುಂದೆ ಸಾಗು ಎಂಬ ‘ಕಂಟಿನ್ಯೂ’ ಹಾಕಿದರೆ ಎನ್‌ಎಯ್ಟ್‌ಎನ್ ಹಸಿರು ತೋರಿಸುತ್ತದೆ. ಹಸಿರು ಕಂಡ ಮೇಲೆ ಒಳಗೆ ಇಣುಕುವವರು ಯಾರು?

ಆದರೂ ನಿನ್ನ ಮೇಲಧಿಕಾರಿಯ ಸಿಟ್ಟಿನಲ್ಲಿ ಅರ್ಧ ನ್ಯಾಯವಿದೆ. ನಿಂತ ಮಾತ್ರಕ್ಕೆ ಆಗಲೇ ಹೋದ ಹಣ ಹಿಂದಕ್ಕೆ ಬರುವುದಿಲ್ಲ. ಮೊದಲಿಂದ ಮತ್ತೆ ಓಡಿಸಿದರೆ ಕೆಲವರಿಗೆ ಎರಡು ಸಲ ಪಾವತಿ. ತಪಾಸಣೆಯನ್ನು ತೆಗೆಯಬೇಡ, ಮುಂದಕ್ಕೆ ತಾ: ಮೊದಲ ರೂಪಾಯಿ ಹೊರಡುವ ಮುಂಚೆ ಎಲ್ಲ ಸಾಲುಗಳನ್ನೂ ನೋಡಿಬಿಡಲಿ. ಬೇರೆ ವರ್ಕ್‌ಫ್ಲೋ ಎರರ್ ಆಗಿ ನಿಂತಾಗ ಎಚ್ಚರಗೊಳ್ಳುವ ‘ಎರರ್ ಟ್ರಿಗರ್’ ನೋಡ್‌ನಿಂದ ಶುರುವಾಗುವ ಇನ್ನೊಂದು ವರ್ಕ್‌ಫ್ಲೋ ಮಾಡಿ, ಇದರ ಸೆಟ್ಟಿಂಗ್ಸ್‌ನಲ್ಲಿ ಜೋಡಿಸು. ಕೈಯಿಂದ ಓಡಿಸಿ ನೋಡಿದಾಗ ಅದು ಎಚ್ಚರಗೊಳ್ಳುವುದಿಲ್ಲ, ತಾನಾಗಿ ಓಡಿದಾಗ ಮಾತ್ರ, ಕೆಟ್ಟಿದೆಯೆಂದು ಗಾಬರಿಯಾಗಬೇಡ. ಸಂದೇಶ ಒಬ್ಬರ ಹೆಸರಿಗೇ ಹೋಗಲಿ. ‘ಎಲ್ಲರಿಗೂ’ ಎಂದರೆ ಯಾರಿಗೂ ಅಲ್ಲ.

ಫೋನಿನಲ್ಲೂ ಹೀಗೆಯೇ ನಿನ್ನ ಮಾತು ಮುಗಿಯುವ ಮೊದಲು ಪಾಠಕ್ಕಿಳಿದೆ. ಬೇಜಾರು ಮಾಡಿಕೊಳ್ಳಬೇಡ. ಒಪ್ಪದಿದ್ದರೆ ಕೆಲಸ ಬಿಡು ಎನ್ನಲು ಬಾಯಿ ಬರುತ್ತದೆ, ನಿನ್ನ ಮನೆ ಸಾಲದ ಕಂತು ನೆನಪಾಗಿ ಸುಮ್ಮನಾಗುತ್ತೇನೆ. ಸೋಮವಾರ ಮಾತಾಡುವಾಗ ತೆಗೆಯುವುದಿಲ್ಲ ಎಂದು ಶುರು ಮಾಡಬೇಡ. ಎಲ್ಲಿಗೆ ಸರಿಸುತ್ತೇನೆ ಎಂಬುದರಿಂದ ಶುರು ಮಾಡು. ಆಮೇಲೆ ಏನೆಂದರು ಎಂದು ನನಗೆ ಹೇಳು. ಅಮ್ಮನಿಗೆ ಮೊದಲು ಹೇಳಿದರೂ ಸರಿ.

ಇಂತಿ,
ಅಪ್ಪ