ನಿನ್ನ ಪತ್ರ ಓದಿ, ಅಕ್ಕಡಿ ಸಾಲಿನ ಬಗ್ಗೆ

ಮಗಾ,

ನಿನ್ನ ಪತ್ರ ನಿನ್ನೆ ಸಂಜೆ ಕೈಗೆ ಬಂತು. ರಾತ್ರಿ ನಿದ್ದೆ ಹತ್ತಲಿಲ್ಲ. "ರಾಗಿ ಸಾಲುಗಳ ನಡುವೆ ತೊಗರಿ ಸಾಲು ಬಿತ್ತಿ ಅಕ್ಕಡಿ ಹಾಕಿ ರಾಗಿ ಕಮ್ಮಿಯಾದರೆ ಸಾಲ ಹೇಗೆ ತೀರಿಸಲಿ ದೊಡ್ಡಪ್ಪ" ಅಂತ ಕೇಳಿದ್ದೀಯಲ್ಲ, ಆ ಮಾತು ತಲೆಯಲ್ಲೇ ಕೂತಿದೆ.

ರಾಗಿ ಸ್ವಲ್ಪ ಕಮ್ಮಿಯಾಗುತ್ತದೆ. ಸುಳ್ಳು ಹೇಳುವುದಿಲ್ಲ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಅಂದರೆ ಹತ್ತರಲ್ಲಿ ಎರಡು ಸಾಲು ಹೋದ ಹಾಗೆ ಅಲ್ವಾ. ಆದರೆ ಇಳುವರಿ ಅಷ್ಟು ಇಳಿಯುವುದಿಲ್ಲ. ತೊಗರಿ ಮೊದಲ ಎರಡು ತಿಂಗಳು ಮೇಲೇಳುವುದೇ ನಿಧಾನ. ಅಷ್ಟರಲ್ಲಿ ಪಕ್ಕದ ರಾಗಿ ಜಾಗ ಸಿಕ್ಕಿ ಚೆನ್ನಾಗಿ ತೆಂಡೆ ಹೊಡೆದು ಬುಡದಲ್ಲಿ ಹೊಸ ಕವಲು ಬಿಟ್ಟಿರುತ್ತದೆ. ರಾಗಿ ಕೊಯ್ದ ಮೇಲೆ ಹೊಲವೆಲ್ಲ ತೊಗರಿಯದೇ. ಆಳಕ್ಕೆ ಬೇರು ಬಿಟ್ಟು, ಉಳಿದ ಹಸಿಯಲ್ಲೇ ಕಾಯಿ ಕಟ್ಟುತ್ತದೆ. 2025-26ರ ಬೆಂಬಲ ಬೆಲೆ ಕ್ವಿಂಟಾಲಿಗೆ ರಾಗಿಗೆ 4,886 ರೂಪಾಯಿ, ತೊಗರಿಗೆ 8,000. ಪೇಟೆಯಲ್ಲಿ ಅಷ್ಟು ಸಿಗದೇ ಇರಬಹುದು. ಆದರೂ ಒಂದು ಕ್ವಿಂಟಾಲ್ ತೊಗರಿ ಬಂದರೆ ಎಷ್ಟು ರಾಗಿ ತುಂಬಿಕೊಟ್ಟ ಹಾಗಾಯಿತು, ನೀನೇ ಲೆಕ್ಕ ಹಾಕು.

ನಿನ್ನ ಭಯ ನನಗೆ ಹೊಸದಲ್ಲ ಮಗಾ. 2002ರಲ್ಲಿ ನನಗೂ ಸಾಲ ಇತ್ತು. ಒಂದು ಸೇರು ರಾಗಿಯೂ ಕಮ್ಮಿಯಾಗಬಾರದು ಅಂತ ಆ ವರ್ಷ ಬರೀ ರಾಗಿ ಬಿತ್ತಿದೆ. ನಿನ್ನ ದೊಡ್ಡಮ್ಮ ತೊಗರಿ, ಅವರೆ, ಹುಚ್ಚೆಳ್ಳು ಮಡಿಲಲ್ಲಿ ಕಟ್ಟಿಕೊಂಡು, ಬೀಜ ಬಿಡುವ ಬಿದಿರಿನ ಸಡ್ಡೆ ಹಿಡಿದು ಬದುವಿನ ಮೇಲೆ ನಿಂತಿದ್ದಳು. ಮನೆಗೆ ಹೋಗು ಅಂದೆ. ಸುಮ್ನೆ ಹೋದಳು. ತೆನೆ ಬಿಡುವ ಹೊತ್ತಿಗೆ ಮಳೆ ಕೈಕೊಟ್ಟಿತು. ರಾಗಿ ಬರೀ ಹುಲ್ಲಾಯಿತು. ಪಕ್ಕದ ಹೊಲದವರ ರಾಗಿಯೂ ಹೋಯಿತು. ಆದರೆ ತಡವಾಗಿ ಬಿದ್ದ ಒಂದು ಮಳೆಗೆ ಅವರ ಅಕ್ಕಡಿ ಚೇತರಿಸಿಕೊಂಡಿತು. ಇಬ್ಬನಿ ಬೀಳುವಾಗ ಅವರ ಅವರೆಯ ಸೊಗಡು ನಮ್ಮ ಜಗಲಿಯ ತನಕ ಬರುತ್ತಿತ್ತು. ನಾವು ಅಂಗಡಿಯಿಂದ ಬೇಳೆ ತಂದೆವು. ದೊಡ್ಡಮ್ಮ ಹಿಡಿ ಅಳೆದು ಸಾರಿಗೆ ಹಾಕುತ್ತಿದ್ದಳು. ಒಂದು ದಿನವೂ ನನ್ನನ್ನು ಆಡಲಿಲ್ಲ. ಸಾಲ ಹೇಗೋ ತೀರಿತು. ಅವಳನ್ನು ಬದುವಿನಿಂದ ವಾಪಸು ಕಳಿಸಿದ್ದು ಮಾತ್ರ ಇನ್ನೂ ಚುಚ್ಚುತ್ತದೆ.

ಹೊಲ ನಿನ್ನದು, ನಾನು ಹೀಗೇ ಮಾಡು ಅನ್ನುವುದು ಸರಿಯಲ್ಲ. ಮಿಷನ್ನಿನಲ್ಲಿ ಕೊಯ್ಯಿಸುವುದಾದರೆ ತೊಗರಿ ಅಡ್ಡ ಬರುತ್ತದೆ, ಕೂಲಿಯೂ ಜಾಸ್ತಿ. ಅಷ್ಟು ಭಯವಾದರೆ ಅರ್ಧ ಹೊಲಕ್ಕೆ ಮಾತ್ರ ಹಾಕು. ಬಿತ್ತನೆ ತಡ ಮಾಡಬೇಡ, ತಡವಾದಷ್ಟೂ ತೊಗರಿ ಸೊರಗುತ್ತದೆ. ನಲವತ್ತು ದಿನಕ್ಕೆ ಒಂದು ತೊಗರಿ ಗಿಡ ಮೆಲ್ಲಗೆ ಅಗೆದು, ಬೇರಿನ ಗಂಟನ್ನು ಉಗುರಲ್ಲಿ ಸೀಳಿ ನೋಡು. ಒಳಗೆ ಕೆಂಪಗಿದ್ದರೆ ಅದು ಗಾಳಿಯ ಸಾರಜನಕ ಹಿಡಿದು ಸತ್ವ ಮಾಡುತ್ತಿದೆ ಅಂತ. ಹಾಗಂತ ಈ ವರ್ಷವೇ ರಾಗಿಗೆ ಗೊಬ್ಬರ ಹಾಕುವುದನ್ನು ನಿಲ್ಲಿಸಬೇಡ. ಆ ಸತ್ವ ಜಾಸ್ತಿ ಸಿಗುವುದು ಮುಂದಿನ ಬೆಳೆಗೆ.

ದೊಡ್ಡಮ್ಮನ ಸಡ್ಡೆ ಅಟ್ಟದ ಮೇಲಿದೆ, ಬಿದಿರು ಇನ್ನೂ ಗಟ್ಟಿಯಾಗಿದೆ. ಬೇಕಿದ್ದರೆ ಬಸ್ಸಿಗೆ ಹಾಕಿ ಕಳಿಸುತ್ತೇನೆ. ಸಾಲ ಎಷ್ಟಿದೆ ಅಂತ ಮಾತ್ರ ನೀನು ಬರೆದಿಲ್ಲ. ಮುಚ್ಚಿಡಬೇಡ, ಬರಿ.

ನಿನ್ನ ದೊಡ್ಡಪ್ಪ